ಪಾರಿವಾಳಕ್ಕೆ ಕಾಳು, ಶ್ವಾಸಕ್ಕೆ ಕಂಟಕ!

ಸಿಟಿ ಬಸ್ ನಿಲ್ದಾಣದಲ್ಲಿ ಇಳಿದು ಅರಮನೆ ಕಡೆ ಹೆಜ್ಜೆ ಹಾಕಿದವರೆಲ್ಲ ವರ್ಷಗಟ್ಟಲೆ ಕಂಡ ನೋಟ ಅದು. ಅರಮನೆ ಮುಂದಿನ ಬಯಲಲ್ಲಿ ಕಾಳು ಚೆಲ್ಲಿರುತ್ತಿತ್ತು. ನೂರಾರು ಪಾರಿವಾಳ ಒಟ್ಟಿಗೇ ಇಳಿದು ಮುಕ್ಕುತ್ತಿದ್ದವು. ಒಂದು ಮಗು ಓಡಿ ಬಂದರೆ ಸಾಕು, ಅಷ್ಟೂ ಹಕ್ಕಿ ಪಟಪಟನೆ ರೆಕ್ಕೆ ಬಡಿದು ಮೇಲೇಳುತ್ತಿದ್ದವು. ನೋಡಲು ಚೆನ್ನ, ಫೋಟೋಗೆ ಇನ್ನೂ ಚೆನ್ನ. ಆದರೆ ಆ ರೆಕ್ಕೆ ಬಡಿತಕ್ಕೆ ಎದ್ದ ಧೂಳಿನಲ್ಲಿ ಏನಿತ್ತು ಅಂತ ಕೇಳಿದವರು ಕಡಿಮೆ.

2025ರಲ್ಲಿ ಕೇಳಿದರು. ಪಾರಿವಾಳದ ಹಿಕ್ಕೆಯಿಂದ ಅರಮನೆ ಮತ್ತು ಸುತ್ತಲಿನ ಹಳೇ ಕಟ್ಟಡಗಳ ಕಲ್ಲು, ಗಾರೆ ಹಾಳಾಗುತ್ತಿದೆ ಎಂದು ಪಾರಂಪರಿಕ ತಜ್ಞರು ದನಿ ಎತ್ತಿದರು. ಜನರ ಆರೋಗ್ಯದ ಮಾತೂ ಅದರ ಜತೆ ಬಂತು. ‘ಕಬೂತರ್ ದಾನ್’ ಎಂದು ಭಕ್ತಿಯಿಂದ ಕಾಳು ಹಾಕುತ್ತಿದ್ದವರ ಜತೆ ಮಾತುಕತೆ ನಡೆದು, ಅರಮನೆ ಮುಂದೆ ಕಾಳು ಹಾಕುವುದನ್ನು ನಿಲ್ಲಿಸುವ ತೀರ್ಮಾನವಾಯಿತು. ಅದೇ ವರ್ಷ ಮುಂಬೈಯಲ್ಲಿ ದಾದರ್‌ನ ಕಬೂತರ್‌ಖಾನೆ ಮುಚ್ಚಿಸಿದ ಜಗಳ ಹೈಕೋರ್ಟ್ ಮೆಟ್ಟಿಲು ಹತ್ತಿತ್ತು.

ಕಲ್ಲಿನ ಕತೆ ಊರಿಗೆಲ್ಲ ಗೊತ್ತಾಯಿತು. ಎದೆಯೊಳಗಿನ ಕತೆ ಮಾತ್ರ ಅರ್ಧಕ್ಕೇ ನಿಂತಿತು. ಕಲ್ಲು ಹಾಳಾದರೆ ಬದಲಿ ಕಲ್ಲು ಕೆತ್ತಿಸಿ ಕೂರಿಸಬಹುದು, ಗಾರೆ ಉದುರಿದರೆ ಹೊಸ ಗಾರೆ ಮೆತ್ತಬಹುದು. ಶ್ವಾಸಕೋಶ ಹಾಳಾದರೆ? ಅದನ್ನೂ ಬದಲಿಸಬಹುದು ಅಂತೀರಾ? ಬದಲಿಸುತ್ತಾರೆ, ನಿಜ. ಆ ಬದಲಿ ಎಷ್ಟು ದೂರದ ದಾರಿ ಎಂಬುದನ್ನು ತಿಳಿದುಕೊಂಡರೆ ಬೆಳಗ್ಗೆ ಅಂಗಡಿ ಮುಂದೆ ಪೊರಕೆ ಹಿಡಿಯುವ ಕೈ ಒಂದು ಗಳಿಗೆ ನಿಂತೀತು.

ಧೂಳಿನೊಳಗೆ ಏನಿದೆ?

ಎದೆಗೂಡಿನೊಳಗೆ ಇರುವುದು ಬರೀ ಎರಡು ಚೀಲ ಅಲ್ಲ. ಉಸಿರುನಾಳ ಮರದ ಕೊಂಬೆಯಂತೆ ಕವಲೊಡೆಯುತ್ತ ಹೋಗಿ ಕೊನೆಗೆ ಸೋಪಿನ ನೊರೆಯಂಥ ಸಣ್ಣ ಸಣ್ಣ ಗಾಳಿಚೀಲಗಳಲ್ಲಿ ಮುಗಿಯುತ್ತದೆ. ಒಬ್ಬ ಮನುಷ್ಯನಲ್ಲಿ ಅಂಥವು ಕೋಟಿಗಟ್ಟಲೆ. 30 ಕೋಟಿಯ ಆಸುಪಾಸು ಎಂಬುದು ವೈದ್ಯಗ್ರಂಥಗಳ ಲೆಕ್ಕ. ಎಲ್ಲವನ್ನೂ ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ಒಂದು ಬ್ಯಾಡ್ಮಿಂಟನ್ ಅಂಕಣದಷ್ಟು ಜಾಗ ಬೇಕು. ಈ ಚೀಲಗಳ ಗೋಡೆ ಎಷ್ಟು ತೆಳುವೆಂದರೆ ಅದರ ಮೂಲಕವೇ ಆಮ್ಲಜನಕ ರಕ್ತಕ್ಕೆ ಇಳಿಯುತ್ತದೆ. ಗೋಡೆ ದಪ್ಪಗಾಯಿತೋ, ಉಸಿರು ಒಳಗೆ ಹೋದರೂ ಕೆಲಸಕ್ಕೆ ಬಾರದು.

ಪಾರಿವಾಳದ ಹಿಕ್ಕೆ ಒಣಗಿದರೆ ಹಿಟ್ಟಿನಂತೆ ಪುಡಿಯಾಗುತ್ತದೆ. ಅದರ ರೆಕ್ಕೆಪುಕ್ಕದ ಮೇಲೆ ಮೇಣದಂಥ ನುಣುಪಾದ ಬಿಳಿ ಪುಡಿಯೂ ಇರುತ್ತದೆ. ಎರಡರಲ್ಲೂ ಹಕ್ಕಿಯ ಮೈಯಿಂದ ಬಂದ ಪ್ರೋಟೀನು ಸೇರಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಮೂಗು, ಗಂಟಲು ದಾಟಿ ನೇರ ಗಾಳಿಚೀಲದ ತಳಕ್ಕೆ ಇಳಿಯುತ್ತವೆ. ಬಹುತೇಕರ ದೇಹ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಕೆಲವರ ದೇಹ ಮಾತ್ರ ಶತ್ರು ಬಂದನೆಂದು ಯುದ್ಧಕ್ಕೆ ನಿಲ್ಲುತ್ತದೆ. ದಿನವೂ ಧೂಳು, ದಿನವೂ ಯುದ್ಧ. ಯುದ್ಧ ನಡೆದ ಜಾಗದಲ್ಲಿ ಊತ. ಊತ ಆರಿದ ಜಾಗದಲ್ಲಿ ಕಲೆ. ಮೊಣಕಾಲಿನ ಹಳೇ ಗಾಯದ ಕಲೆ ಹೇಗೆ ಬಿರುಸಾಗಿರುತ್ತದೋ ಹಾಗೆ ಶ್ವಾಸಕೋಶವೂ ನಾರುಗಟ್ಟುತ್ತ ಬರುತ್ತದೆ.

ಇದಕ್ಕೆ ಡಾಕ್ಟರುಗಳು ಇಟ್ಟಿರುವ ಹೆಸರು ಹೈಪರ್‌ಸೆನ್ಸಿಟಿವಿಟಿ ನ್ಯೂಮೋನೈಟಿಸ್. ಬಾಯಿಗೆ ಹಿಡಿಯದ ಹೆಸರು. ಪಾರಿವಾಳ ಸಾಕುವವರಿಗೆ ಇದು ತಗಲುತ್ತದೆಂದು ಅಮೆರಿಕದ ವೈದ್ಯರು 1965ರಲ್ಲೇ ಬರೆದಿಟ್ಟಿದ್ದಾರೆ. ಅಲ್ಲಿಂದ ಅದಕ್ಕೆ ‘ಹಕ್ಕಿ ಸಾಕುವವರ ಶ್ವಾಸಕೋಶ’ ಎಂಬ ಅಡ್ಡಹೆಸರೂ ಬಿತ್ತು.

“ನಮ್ಮಪ್ಪ ನಲವತ್ತು ವರ್ಷ ಕಾಳು ಹಾಕಿದರು, ಏನೂ ಆಗಲಿಲ್ಲವಲ್ಲ?” ಎಂದು ಕೇಳುವವರಿದ್ದಾರೆ. ಸರಿಯೇ. ಧೂಳು ಕುಡಿದ ಎಲ್ಲರಿಗೂ ಬರುವ ಕಾಯಿಲೆ ಇದಲ್ಲ. ಬೀಡಿ ಸೇದಿದವರೆಲ್ಲ ದಮ್ಮು ಹತ್ತಿಸಿಕೊಳ್ಳುವುದಿಲ್ಲವಲ್ಲ, ಹಾಗೆ. ಯಾರ ದೇಹ ತಿರುಗಿಬೀಳುತ್ತದೆ ಎಂದು ಮೊದಲೇ ಹೇಳುವ ಪರೀಕ್ಷೆ ಮಾತ್ರ ಯಾವ ಲ್ಯಾಬಿನಲ್ಲೂ ಸಿಗುವುದಿಲ್ಲ.

ಮೆಟ್ಟಿಲು ಹೇಳುವ ಸತ್ಯ

ಕಾಯಿಲೆ ಎರಡು ವೇಷದಲ್ಲಿ ಬರುತ್ತದೆ. ಒಂದು ಅವಸರದ್ದು. ಗೂಡು ಕೆರೆದು ಗುಡಿಸಿದ ನಾಲ್ಕರಿಂದ ಎಂಟು ಗಂಟೆಯೊಳಗೆ ಚಳಿಜ್ವರ, ಮೈಕೈ ನೋವು, ಕೆಮ್ಮು. ಮಾರನೆಯ ದಿನಕ್ಕೆ ತಾನೇ ಇಳಿದುಬಿಡುತ್ತದೆ. ಫ್ಲೂ ಬಂದಿತ್ತು ಅಂದುಕೊಂಡು ಮರೆತುಬಿಡುತ್ತಾರೆ. ಮತ್ತೆ ಗುಡಿಸುತ್ತಾರೆ, ಮತ್ತೆ ಫ್ಲೂ!

ಇನ್ನೊಂದು ಕಳ್ಳ ವೇಷ. ಅದಕ್ಕೆ ಜ್ವರ ಇಲ್ಲ, ಗಲಾಟೆ ಇಲ್ಲ. ಒಣಕೆಮ್ಮು ತಿಂಗಳಾನುಗಟ್ಟಲೆ ಬಿಡುವುದಿಲ್ಲ. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಿದ್ದವರು ನಂದಿ ತನಕ ಹೋಗುವಷ್ಟರಲ್ಲಿ ಮೂರು ಕಡೆ ಕೂರುತ್ತಾರೆ. ಮುಂದಿನ ವರ್ಷ ಬೆಟ್ಟವೇ ಬೇಡ ಅನ್ನುತ್ತಾರೆ. ಆಮೇಲೆ ಹೊರಟ ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡುವುದೂ ಆಗುವುದಿಲ್ಲ. ವಯಸ್ಸಾಯಿತು, ಹೊಟ್ಟೆ ಬಂತು, ಶುಗರ್ ಇರಬೇಕು – ಹೀಗೆ ಮನೆಯವರು ಸಮಾಧಾನ ಹೇಳುತ್ತಾರೆ. ತೂಕ ಇಳಿಯುತ್ತದೆ. ಕೆಲವರಲ್ಲಿ ಬೆರಳ ತುದಿ ದಪ್ಪಗಾಗಿ ಉಗುರು ಗುಂಡಗೆ ಬಾಗುತ್ತದೆ. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರೆ ಡಾಕ್ಟರ ಕಿವಿಗೆ ಒಂದು ವಿಚಿತ್ರ ಸದ್ದು ಕೇಳುತ್ತದೆ: ಮಕ್ಕಳ ಶೂಸಿನ ಅಂಟುಪಟ್ಟಿಯನ್ನು ಪರ್ರನೆ ಬಿಚ್ಚಿದ ಹಾಗೆ.

ಇಲ್ಲೇ ದೊಡ್ಡ ಎಡವಟ್ಟು ಆಗುವುದು. ನಮ್ಮ ದೇಶದಲ್ಲಿ ಕೆಮ್ಮು, ತೂಕ ಇಳಿತ, ಎಕ್ಸ್‌ರೇಯಲ್ಲಿ ಕಲೆ – ಮೂರೂ ಸೇರಿದರೆ ಮೊದಲು ನೆನಪಾಗುವುದು ಕ್ಷಯ. ನೆನಪಾಗಬೇಕಾದ್ದೇ. ಮೈಸೂರಿಗಂತೂ ಕ್ಷಯದ ನೆನಪು ಅರಮನೆಯೊಳಗಿನಿಂದಲೇ ಬಂದದ್ದು. ಕೆ.ಆರ್.ಎಸ್. ರಸ್ತೆಯ ಪಿ.ಕೆ.ಟಿ.ಬಿ. ಸ್ಯಾನಟೋರಿಯಂ ದಾಟಿ ದಿನಾ ಬಸ್ಸಿನಲ್ಲಿ ಓಡಾಡುವವರಲ್ಲಿ ಆ ಮೊದಲ ಎರಡು ಅಕ್ಷರ ಯಾರದ್ದೆಂದು ಬಲ್ಲವರು ಎಷ್ಟು ಮಂದಿಯೋ! ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ, ಕ್ಷಯದಿಂದಲೇ ತೀರಿಕೊಂಡವರು. ಅವರ ಹೆಸರಿನ ಆಸ್ಪತ್ರೆ ನೂರು ವರ್ಷ ದಾಟಿದೆ. ಹಾಗಾಗಿ ಈ ಊರಿನ ಡಾಕ್ಟರು ಕ್ಷಯವನ್ನು ಮೊದಲು ಅನುಮಾನಿಸಿದರೆ ತಪ್ಪೇನಿಲ್ಲ.

ತಪ್ಪಾಗುವುದು ಕಫದಲ್ಲಿ ಕ್ಷಯದ ಕ್ರಿಮಿ ಸಿಗದಿದ್ದಾಗಲೂ ಎಕ್ಸ್‌ರೇ ಒಂದನ್ನೇ ನಂಬಿ ಆರು ತಿಂಗಳು ಕ್ಷಯದ ಮಾತ್ರೆ ನುಂಗಿಸಿದಾಗ. ಆ ಆರು ತಿಂಗಳು ಪಾರಿವಾಳ ಕಿಟಕಿಯಲ್ಲೇ ಇರುತ್ತದೆ. ಧೂಳು ಒಳಗೆ ಇಳಿಯುತ್ತಲೇ ಇರುತ್ತದೆ. ಸಾದಾ ಎಕ್ಸ್‌ರೇಗೆ ಅಷ್ಟಾಗಿ ಕಾಣದ ಈ ನಾರನ್ನು ಹಿಡಿಯುವುದು ಎಚ್.ಆರ್.ಸಿ.ಟಿ. ಎಂಬ ಸ್ಕ್ಯಾನು. ಜತೆಗೆ ಊದಿಸಿ ನೋಡುವ ಪರೀಕ್ಷೆ, ಆರು ನಿಮಿಷ ನಡೆಸಿ ರಕ್ತದ ಆಮ್ಲಜನಕ ಎಷ್ಟು ಇಳಿಯಿತೆಂದು ಬೆರಳಿಗೆ ಕ್ಲಿಪ್ ಹಾಕಿ ನೋಡುವ ಪರೀಕ್ಷೆ.

ಇದೇನು ಎಲ್ಲೋ ಒಬ್ಬರಿಗೆ ಬರುವ ಕಾಯಿಲೆ ಎಂದುಕೊಳ್ಳುವಂತಿಲ್ಲ. ಶ್ವಾಸಕೋಶ ನಾರುಗಟ್ಟುವ ಹತ್ತಾರು ಬಗೆಯ ಕಾಯಿಲೆಗಳನ್ನು ಒಟ್ಟಾಗಿ ಐ.ಎಲ್.ಡಿ. ಎನ್ನುತ್ತಾರೆ. ದೇಶದ 27 ಆಸ್ಪತ್ರೆಗಳು ಸೇರಿ ಇಂಥ 1,084 ರೋಗಿಗಳ ದಾಖಲೆ ಮಾಡಿ 2017ರಲ್ಲಿ ಪ್ರಕಟಿಸಿದವು. ಅವರಲ್ಲಿ ಶೇ. 47 ಮಂದಿಗೆ ಇದ್ದದ್ದು ಇದೇ ಹೈಪರ್‌ಸೆನ್ಸಿಟಿವಿಟಿ ನ್ಯೂಮೋನೈಟಿಸ್! ಹೊರದೇಶಗಳ ಪಟ್ಟಿಗಳಲ್ಲಿ ಇಷ್ಟು ಮೇಲೆ ಇರದ ಕಾಯಿಲೆ ನಮ್ಮಲ್ಲಿ ಮೊದಲ ಸ್ಥಾನದಲ್ಲಿ ಕೂತಿದೆ.

ಎಲ್ಲ ತಪ್ಪನ್ನೂ ಪಾರಿವಾಳದ ತಲೆಗೆ ಕಟ್ಟುವುದು ಸಲ್ಲ. ಅದೇ ದಾಖಲೆಯಲ್ಲಿ ಈ ಕಾಯಿಲೆಯವರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಏರ್ ಕೂಲರಿನ ಗಾಳಿಗೆ ಒಡ್ಡಿಕೊಂಡವರು. ಕೂಲರಿನ ತೊಟ್ಟಿಯಲ್ಲಿ ನಿಂತ ನೀರು, ಒದ್ದೆ ಹುಲ್ಲಿನ ಪ್ಯಾಡು ಬೂಷ್ಟು ಹಿಡಿದರೆ ಅದರ ಕಣಗಳೂ ಇದೇ ಯುದ್ಧ ಹೂಡುತ್ತವೆ. ಬೂಷ್ಟು ಹಿಡಿದ ಒಣಹುಲ್ಲಿನ ಮೆದೆ ಕೆದಕುವ ರೈತರಿಗೂ ಬರುತ್ತದೆ. ಮಂಡ್ಯ ಕಡೆಯ ಓದುಗರಿಗೆ ಒಂದು ಮಾತು: ಕಬ್ಬು ಅರೆದ ಮೇಲೆ ರಾಶಿ ಬಿದ್ದು ಬೂಷ್ಟು ಹಿಡಿದ ಸಿಪ್ಪೆಯ ಧೂಳಿನಿಂದ ಬರುವ ಇದೇ ಜಾತಿಯ ಕಾಯಿಲೆಗೆ ಬಗಾಸೋಸಿಸ್ ಎಂಬ ಬೇರೆ ಹೆಸರೇ ಇದೆ.

ಇನ್ನು ಬೀಡಿ-ಸಿಗರೇಟು, ಸೌದೆ ಒಲೆಯ ಹೊಗೆಯಿಂದ ಗಾಳಿಚೀಲ ಒಡೆದುಹೋಗುವ ಸಿ.ಓ.ಪಿ.ಡಿ. ಕಾಯಿಲೆ ಬೇರೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಜಿಲ್ಲೆಯಲ್ಲಿ ಕೂತು ಅದರ ಕತೆ ಹೇಳಹೊರಟರೆ ಈ ಪುಟ ಸಾಲದು. ಒಂದು ಮಾತಷ್ಟೇ: ಶ್ವಾಸಕೋಶ ಕಸಿಗೆ ಲೋಕದ ಆಸ್ಪತ್ರೆಗಳಲ್ಲಿ ಹೆಸರು ಬರೆಸುವವರಲ್ಲಿ ಬಹುಪಾಲು ಈ ಎರಡು ಗುಂಪಿನವರೇ – ನಾರುಗಟ್ಟಿದವರು, ಹೊಗೆಯಿಂದ ಹಾಳಾದವರು.

ಬದಲಿ ಶ್ವಾಸಕೋಶದ ದಾರಿ

ಬೇಗ ಹಿಡಿದರೆ ಈ ಕಾಯಿಲೆಗೆ ಮೊದಲ ಮದ್ದು ಮೆಡಿಕಲ್ ಸ್ಟೋರಿನಲ್ಲಿ ಇಲ್ಲ. ಧೂಳಿನಿಂದ ದೂರ ಹೋಗುವುದೇ ಮದ್ದು. ಊತ ಇರುವಾಗ ಸ್ಟಿರಾಯ್ಡ್ ಕೊಟ್ಟು ಇಳಿಸುತ್ತಾರೆ. ಕೆಲವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಊತ ಕಲೆಯಾಗಿ ತಿರುಗಿದ ಮೇಲೆ ಮಾತು ಬೇರೆ. ಪಿರ್ಫೆನಿಡೋನ್, ನಿಂಟೆಡನಿಬ್ ಎಂಬ ಮಾತ್ರೆಗಳಿವೆ. ನಾರುಗಟ್ಟುವ ವೇಗವನ್ನು ತಗ್ಗಿಸುತ್ತವೆ, ಆಗಿಹೋದ ನಾರನ್ನು ಕರಗಿಸುವುದಿಲ್ಲ. ಆಮೇಲೆ ಮನೆಗೆ ಆಕ್ಸಿಜನ್ ಮೆಷಿನ್ ಬರುತ್ತದೆ. ಮೊದಲು ರಾತ್ರಿ ಹೊತ್ತು, ಆಮೇಲೆ ಹಗಲೂ ರಾತ್ರಿ. ಮೂಗಿನಲ್ಲಿ ಕೊಳವೆ ಇಟ್ಟುಕೊಂಡು ಗಲ್ಲಾಪೆಟ್ಟಿಗೆ ಮುಂದೆ ಎಷ್ಟು ದಿನ ಕೂರಲಾದೀತು?

ಆಗ ಡಾಕ್ಟರ ಬಾಯಿಂದ ಬರುವ ಮಾತು ‘ಕಸಿ’.

ಈ ಕಸಿಯ ಚರಿತ್ರೆಯೇ ಏದುಸಿರಿನದು. ಅಮೆರಿಕದ ಮಿಸಿಸಿಪಿಯಲ್ಲಿ ಜೇಮ್ಸ್ ಹಾರ್ಡಿ ಎಂಬ ಸರ್ಜನ್ 1963ರಲ್ಲಿ ಮೊದಲ ಬಾರಿ ಮನುಷ್ಯನಿಗೆ ಶ್ವಾಸಕೋಶ ಕಸಿ ಮಾಡಿದರು. ರೋಗಿ ಬದುಕಿದ್ದು 18 ದಿನ. ಮುಂದಿನ ಇಪ್ಪತ್ತು ವರ್ಷ ಲೋಕದಲ್ಲೆಲ್ಲ ನಲವತ್ತರಷ್ಟು ಪ್ರಯತ್ನ ನಡೆದರೂ ಯಾರೂ ಬಹಳ ಕಾಲ ಉಳಿಯಲಿಲ್ಲ. ಹೊಲಿದ ಉಸಿರುನಾಳವೇ ಬಿಚ್ಚಿಕೊಳ್ಳುತ್ತಿತ್ತು. ಸೈಕ್ಲೋಸ್ಪೋರಿನ್ ಎಂಬ ಔಷಧ ಬಂದ ಮೇಲೆ, 1983ರಲ್ಲಿ ಕೆನಡಾದ ಟೊರಾಂಟೋದಲ್ಲಿ ಡಾ. ಜೋಯೆಲ್ ಕೂಪರ್ ತಂಡ ಗೆದ್ದಿತು. ಆ ರೋಗಿಯ ಕಾಯಿಲೆ ಏನು ಗೊತ್ತೆ? ನಾರುಗಟ್ಟಿದ ಶ್ವಾಸಕೋಶವೇ. ನಮ್ಮ ದೇಶದಲ್ಲಿ ಅಂಗಾಂಗ ಕಸಿಗೆ ಕಾಯಿದೆ ಬಂದದ್ದು 1994ರಲ್ಲಿ. ಮದ್ರಾಸಿನಲ್ಲಿ ಡಾ. ಕೆ.ಎಂ. ಚೆರಿಯನ್ ಅವರು ಹೃದಯ-ಶ್ವಾಸಕೋಶ ಎರಡನ್ನೂ ಒಟ್ಟಿಗೆ ಕಸಿ ಮಾಡಿದ್ದು 1999ರಲ್ಲಿ. ಇವತ್ತಿಗೂ ಈ ಕೆಲಸದಲ್ಲಿ ದೇಶಕ್ಕೆ ಮುಂದಿರುವ ಊರು ಚೆನ್ನೈ, ಬೆಂಗಳೂರಿನಲ್ಲೂ ನಡೆಯುತ್ತದೆ. ಮೈಸೂರಿನ ರೋಗಿಗೆ ಅಂದರೆ ಒಂದೋ ಹೆದ್ದಾರಿ, ಇಲ್ಲವೇ ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್.

ಹೋದ ಕೂಡಲೇ ಸಿಗುವ ವಸ್ತುವಲ್ಲ ಅದು. ಕಿಡ್ನಿಯನ್ನಾದರೆ ಬದುಕಿರುವ ತಾಯಿ, ತಮ್ಮ ಕೊಡಬಹುದು. ಶ್ವಾಸಕೋಶ ಬರಬೇಕಾದ್ದು ಮಿದುಳು ನಿಷ್ಕ್ರಿಯಗೊಂಡ ದಾನಿಯಿಂದ. ಬ್ಲಡ್ ಗ್ರೂಪ್ ಹೊಂದಬೇಕು, ಎದೆಗೂಡಿನ ಅಳತೆಯೂ ಹೊಂದಬೇಕು. ಆರಡಿ ಆಳಿನ ಶ್ವಾಸಕೋಶವನ್ನು ಐದಡಿ ಹೆಂಗಸಿನ ಎದೆಯೊಳಗೆ ತುರುಕಲಾಗುವುದಿಲ್ಲ. ಅದೆಲ್ಲ ಹೊಂದಿದರೂ ಇನ್ನೊಂದು ತೊಡಕು. ದಾನಿಯ ಅಂಗಗಳಲ್ಲಿ ಬೇಗ ಕೆಡುವುದು ಶ್ವಾಸಕೋಶವೇ. ವೆಂಟಿಲೇಟರಿನ ಮೇಲಿರುವಾಗಲೇ ಸೋಂಕು ಹತ್ತುತ್ತದೆ, ನೀರು ತುಂಬುತ್ತದೆ. ಒಬ್ಬ ದಾನಿಯ ಕಿಡ್ನಿ, ಲಿವರ್ ಉಪಯೋಗಕ್ಕೆ ಬಂದರೂ ಶ್ವಾಸಕೋಶ ಬಾರದೆ ಹೋಗುವುದೇ ಹೆಚ್ಚು. ತೆಗೆದ ಮೇಲೆ ಆರು ಗಂಟೆಯ ಆಸುಪಾಸಿನಲ್ಲಿ ಕೂರಿಸಿ ಹೊಲಿಯಬೇಕು.

ಮೈಸೂರಿನ ರಸ್ತೆಯಲ್ಲಿ ಪೊಲೀಸರು ಸಿಗ್ನಲ್ ತಡೆದು ಆಂಬುಲೆನ್ಸಿಗೆ ‘ಝೀರೋ ಟ್ರಾಫಿಕ್’ ಮಾಡಿಕೊಟ್ಟಾಗ ಬಸ್ಸಿನೊಳಗೆ ಗೊಣಗಿದವರು ಇದ್ದಾರೆ. ಇಲ್ಲಿನ ಆಸ್ಪತ್ರೆಗಳಲ್ಲಿ ದಾನಿಗಳ ದೇಹದಿಂದ ತೆಗೆದ ಅಂಗಾಂಗ ಬೆಂಗಳೂರಿಗೆ ಓಡಿದ್ದು ಹಾಗೆಯೇ. ಯಾರ ಸರದಿ, ಯಾರಿಗೆ ಯಾವ ಅಂಗ ಎಂದು ನಮ್ಮ ರಾಜ್ಯದಲ್ಲಿ ನಿರ್ಧರಿಸುವುದು ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ. ದುಡ್ಡಿದ್ದವರು ಸರದಿ ಹಾರುವಂತಿಲ್ಲ.

‘ಪುಟ್ನಂಜ’ ಚಿತ್ರದಿಂದ ಕನ್ನಡಿಗರ ಮನೆಮಾತಾದ ನಟಿ ಮೀನಾ ಅವರ ಪತಿ ಚೆನ್ನೈನಲ್ಲಿ ತೀರಿಕೊಂಡದ್ದು 2022ರ ಜೂನ್ ತಿಂಗಳಲ್ಲಿ. ಶ್ವಾಸಕೋಶ ಕಸಿಗೆ ಅವರು ಕಾಯುತ್ತಿದ್ದರು. ಹೊಂದುವ ದಾನಿ ಸಿಗಲಿಲ್ಲ. ಪಾರಿವಾಳದ ಮಾತೂ ಆಗ ಪತ್ರಿಕೆಗಳಲ್ಲಿ ಓಡಾಡಿತು. ಸಿನಿಮಾ ಮನೆಯವರಿಗೇ ಕಾಯುವ ಪಾಡು ಅದಾದರೆ ಸಂತೇಪೇಟೆಯ ಅಂಗಡಿಯವರ ಪಾಡೇನು?

ಖರ್ಚಿನ ಮಾತು ಬೇರೆ. ಆಪರೇಷನ್ನಿಗೇ ಹತ್ತಾರು ಲಕ್ಷ. ಮುಗಿದ ಮೇಲೆ ತಿಂಗಳುಗಟ್ಟಲೆ ಆಸ್ಪತ್ರೆ ಹತ್ತಿರವೇ ಬಾಡಿಗೆ ಮನೆ. ಹೊಸ ಅಂಗವನ್ನು ದೇಹ ಹೊರಗಿನದೆಂದು ತಳ್ಳದಂತೆ ಬದುಕಿರುವ ತನಕ ದಿನಾ ಮಾತ್ರೆ. ಆ ಮಾತ್ರೆಯಿಂದ ರೋಗ ತಡೆಯುವ ಶಕ್ತಿ ಕುಗ್ಗುವುದರಿಂದ ಜಾತ್ರೆ, ಮದುವೆ, ತುಂಬಿದ ಬಸ್ಸು ಎಲ್ಲಕ್ಕೂ ಅಂಜಬೇಕು. ಲೋಕದ ಲೆಕ್ಕದಲ್ಲಿ ಕಸಿಯಾದವರಲ್ಲಿ ಅರ್ಧದಷ್ಟು ಮಂದಿ ಆರೇಳು ವರ್ಷ ದಾಟುತ್ತಾರೆ. ಉಸಿರೇ ಇಲ್ಲದವರಿಗೆ ಆ ಆರೇಳು ವರ್ಷ ದೊಡ್ಡದೇ. ಮಗಳ ಮದುವೆ ನೋಡಿದವರಿದ್ದಾರೆ, ಮತ್ತೆ ಅಂಗಡಿ ತೆರೆದವರಿದ್ದಾರೆ. ಆದರೆ ವಯಸ್ಸು ಅರವತ್ತೈದು ದಾಟಿದ್ದರೆ, ಮೈ ತೀರಾ ಸೊರಗಿದ್ದರೆ ಪಟ್ಟಿಗೆ ಹೆಸರು ಸೇರುವುದೇ ಕಷ್ಟ. ಇನ್ನೊಂದು ತಮಾಷೆ ನೋಡಿ: ಕಸಿ ಮಾಡಿಸಿಕೊಂಡು ಮನೆಗೆ ಬಂದವರಿಗೆ ಡಾಕ್ಟರು ಕೊಡುವ ಬೇಡಗಳ ಪಟ್ಟಿಯಲ್ಲೂ ಪಾರಿವಾಳ ಇರುತ್ತದೆ!

ಅರಮನೆ ಬಿಟ್ಟು ತಾರಸಿಗೆ

ಅರಮನೆ ಮುಂದೆ ಕಾಳು ನಿಲ್ಲಿಸಿದರೆ ಮುಗಿಯಿತೇ? ಬಯಲಲ್ಲಿ ಗಾಳಿಯಾದರೂ ಆಡುತ್ತದೆ. ಹೆಚ್ಚು ಕಾಡುವುದು ಮುಚ್ಚಿದ ಜಾಗದ ಧೂಳು: ಕಿಟಕಿಯ ಸಜ್ಜಾ, ಎ.ಸಿ. ಪೆಟ್ಟಿಗೆಯ ಹಿಂಬದಿ, ಬಾತ್‌ರೂಮಿನ ಗಾಳಿಕಂಡಿ, ಅಂಗಡಿ ಬೋರ್ಡಿನ ಸಂದು, ಗೋದಾಮಿನ ತೊಲೆ. ಸಂತೇಪೇಟೆಯಲ್ಲಾಗಲಿ ದೇವರಾಜ ಮಾರುಕಟ್ಟೆಯಲ್ಲಾಗಲಿ ಶಟರ್ ಎತ್ತಿದ ಕೂಡಲೇ ಮೊದಲ ಕೆಲಸ ಒಣಪೊರಕೆ. ಮೇಲಿನಿಂದ ಬಿದ್ದು ಒಣಗಿದ ಹಿಕ್ಕೆ ಆ ಪೊರಕೆಗೆ ಸಿಕ್ಕಿ ನೇರ ಮೂಗಿಗೆ. ಹಾಗೆ ಮಾಡುವ ಹುಡುಗನಿಗೆ ತಿಂಗಳ ಸಂಬಳ ಎಷ್ಟೋ, ಅವನ ಎದೆಯ ಬೆಲೆ ಯಾರ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಮಾಡಬೇಕಾದ್ದು ದೊಡ್ಡದೇನಲ್ಲ. ಹಿಕ್ಕೆಯ ಮೇಲೆ ಮೊದಲು ನೀರು ಚಿಮುಕಿಸಿ ಚೆನ್ನಾಗಿ ನೆನೆಸಿ, ಆಮೇಲೆ ಕೆರೆದು ತೆಗೆಯುವುದು. ಮೂಗು-ಬಾಯಿಗೆ ಎನ್-95 ಮಾಸ್ಕು. ಟವೆಲ್ ಕಟ್ಟಿಕೊಂಡರೆ ಸಣ್ಣ ಕಣ ನಿಲ್ಲುವುದಿಲ್ಲ. ಸಂದಿಗೆ ಬಲೆ ಹೊಡೆಸುವುದು. ಈಗಾಗಲೇ ಈ ಕಾಯಿಲೆ ಇದೆ ಎಂದು ಗೊತ್ತಾದವರು ನೆನೆಸಿಯೂ ಗುಡಿಸಬಾರದು, ಮಾಸ್ಕು ಹಾಕಿಯೂ ಗುಡಿಸಬಾರದು. ಆ ಕೆಲಸಕ್ಕೆ ಬೇರೆಯವರು. ಮಾಳಿಗೆ ಮೇಲೆ ಗೂಡು ಕಟ್ಟಿ ಪಾರಿವಾಳ ಸಾಕುವ ಹವ್ಯಾಸದವರು ಗೂಡಿಗೆ ಹೋದ ಬಟ್ಟೆಯಲ್ಲೇ ಮಲಗುವ ಕೋಣೆಗೆ ಬರಬಾರದು.

ದಾನದ ಮಾತು ಸೂಕ್ಷ್ಮವಾದದ್ದು. ಪ್ರಾಣಿದಯೆಯಿಂದ ಕೈಯೆತ್ತಿ ಕಾಳು ಹಾಕುವವರನ್ನು ಗೇಲಿ ಮಾಡುವುದು ಸುಲಭ, ನ್ಯಾಯವಲ್ಲ. ಆದರೆ ಪಾರಿವಾಳ ಕಾಳಿಲ್ಲದೆ ಸಾಯುವ ಹಕ್ಕಿಯೂ ಅಲ್ಲ. ಸುಲಭದ ಊಟ ಸಿಕ್ಕ ಕಡೆ ಗುಂಪು ಕಟ್ಟಿ, ವರ್ಷವಿಡೀ ಮರಿ ಮಾಡಿ ಹೆಚ್ಚುತ್ತದೆ. ಅರಮನೆ ಮುಂದೆ ಬೇಡವೆಂದ ಕಾಳು ಅಪಾರ್ಟ್‌ಮೆಂಟಿನ ತಾರಸಿ ಹತ್ತಿದರೆ ಧೂಳು ಇಳಿಯುವುದು ಕೆಳಗಿನ ಮನೆಯ ತೊಟ್ಟಿಲ ಮೇಲೆ. ತಾರಸಿಗೆ ಜಿಲ್ಲಾಡಳಿತದ ಬೋರ್ಡು ಬರುವುದಿಲ್ಲ. ಅಲ್ಲಿ ಮೇಲಿನ ಮನೆಯವರು, ಕೆಳಗಿನ ಮನೆಯವರು ಕೂತು ಮಾತಾಡಿಕೊಳ್ಳಬೇಕು.

ಕಡೆಯದಾಗಿ ಕೆಮ್ಮಿಕೊಂಡು ಆಸ್ಪತ್ರೆಗೆ ಹೋಗುವವರಿಗೆ. ಎದೆರೋಗದ ವಿಭಾಗ ಮೈಸೂರಿಗೆ ಹೊಸತಲ್ಲ, ಪಿ.ಕೆ.ಟಿ.ಬಿ.ಯಲ್ಲಿದೆ, ಜೆ.ಎಸ್.ಎಸ್. ಆಸ್ಪತ್ರೆಯಲ್ಲಿದೆ. ಮೂರು ವಾರ ದಾಟಿದ ಕೆಮ್ಮು, ಮೆಟ್ಟಿಲಿಗೆ ಏದುಸಿರು ಇದ್ದರೆ ಹಳೇ ಎಕ್ಸ್‌ರೇಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಬೇಕು; ಕಲೆ ಯಾವಾಗಿನಿಂದ ಇದೆ ಎಂದು ಅದರಿಂದಲೇ ತಿಳಿಯುವುದು. ಬೀಡಿ ಸೇದ್ತೀರಾ, ಶುಗರ್ ಇದೆಯಾ ಅಂತ ಡಾಕ್ಟರು ಕೇಳಿಯೇ ಕೇಳುತ್ತಾರೆ. ಹೊರಗೆ ಐವತ್ತು ಜನರ ಕ್ಯೂ ಇರುವಾಗ ಪಾರಿವಾಳದ ಪ್ರಶ್ನೆ ಅವರ ಬಾಯಿಗೆ ಬಾರದೆ ಹೋಗಬಹುದು. “ಸಾರ್, ನಮ್ಮ ಕಿಟಕಿಯಲ್ಲಿ ಗೂಡಿದೆ, ದಿನಾ ನಾನೇ ಗುಡಿಸೋದು” ಎಂದು ರೋಗಿಯೇ ಹೇಳಬೇಕು. ಕೂಲರ್ ಇದ್ದರೆ ಅದನ್ನೂ.